ಪಂಜರಕ್ಕೆ ಬಂದ ದಾರಿ

ನಮ್ಮ ಊರುಗಳಲ್ಲಿ ‘ಲವ್‌ಬರ್ಡ್’ ಎಂದು ಕೂಗಿ ಮಾರುವ ಹಕ್ಕಿ ನಿಜವಾಗಿ ಲವ್‌ಬರ್ಡ್ ಅಲ್ಲ. ಬೆಂಗಳೂರಿನ ರಸೆಲ್ ಮಾರುಕಟ್ಟೆಯ ಸುತ್ತಿನ ಅಂಗಡಿಗಳಿಂದ ಹಿಡಿದು ಸಣ್ಣ ಊರಿನ ಸಂತೆಯವರೆಗೆ, ತಂತಿಯ ಗೂಡಿನಲ್ಲಿ ಹತ್ತಾರು ಒಟ್ಟಾಗಿ ಚಿಲಿಪಿಲಿಗುಟ್ಟುವ, ಉದ್ದ ಬಾಲದ, ಬೆನ್ನಿನ ಮೇಲೆ ಅಲೆಯಲೆಯಾಗಿ ಕಪ್ಪು ಗೆರೆ ಹೊತ್ತ ಆ ಪುಟ್ಟ ಗಿಳಿ ಆಸ್ಟ್ರೇಲಿಯದ ಬಜರಿಗಾರ್. ೧೮೪೦ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ. ಅಲ್ಲಿಂದ ಅದು ಲೋಕಕ್ಕೆಲ್ಲ ಹಬ್ಬಿತು. ನಿಜವಾದ ಲವ್‌ಬರ್ಡ್ ಆಫ್ರಿಕದ್ದು. ಗೇಣುದ್ದವೂ ಇಲ್ಲದ ಮೈ, ಗಿಡ್ಡ ಬಾಲ, ಮೈಗೆ ಮಿಕ್ಕಿದ ತಲೆ, ಬಲವಾದ ಕೊಕ್ಕು, ಅದಕ್ಕೆ ತಕ್ಕ ಹಟಮಾರಿ ಸ್ವಭಾವ. ತೂಕ ಐವತ್ತು ಗ್ರಾಮಿನ ಆಸುಪಾಸು. ಈ ಹೆಸರಿನ ಗೊಂದಲ ನಮ್ಮದು ಮಾತ್ರವೇ ಎಂದು ನಾಚಬೇಕಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿಯೂ ೧೯೩೦ರ ಸುಮಾರಿಗೆ ಬಜರಿಗಾರನ್ನೇ ಲವ್‌ಬರ್ಡ್ ಎಂದು ಮನೆಬಾಗಿಲಿಗೆ ತಂದು ಮಾರುತ್ತಿದ್ದರು. ಆ ಕಥೆಗೆ ಮುಂದೆ ಬರುತ್ತೇನೆ.

೧೮೩೬ರಲ್ಲಿ ಪ್ರಿಡೋ ಜಾನ್ ಸೆಲ್ಬಿ ಎಂಬ ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ ಈ ಆಫ್ರಿಕದ ಗಿಳಿಗಳ ಕುಲಕ್ಕೆ ‘ಅಗಪಾರ್ನಿಸ್’ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಅಗಪೆ ಎಂದರೆ ಪ್ರೀತಿ, ಓರ್ನಿಸ್ ಎಂದರೆ ಹಕ್ಕಿ. ಫ್ರೆಂಚರೂ ಜರ್ಮನರೂ ಇವನ್ನು ‘ಅಗಲಲಾರದವು’ ಎಂಬ ಅರ್ಥ ಬರುವಂತೆ ಕರೆಯುತ್ತಾರೆ. ಜೋಡಿ ಹಕ್ಕಿಗಳು ಒಂದಕ್ಕೊಂದು ಒತ್ತಿ ಕುಳಿತು, ಕಣ್ಣು ಅರೆಮುಚ್ಚಿ, ಕೊಕ್ಕಿನಿಂದ ಪರಸ್ಪರ ಗರಿ ತೀಡುವುದನ್ನು ಕಂಡವರಿಗೆ ಹಾಗೆ ತೋರಿದ್ದು ಸಹಜ. ನಮ್ಮ ಕವಿಗಳಿಗೆ ಒದಗಿಬಂದದ್ದಾದರೋ ಜಕ್ಕವಕ್ಕಿ. ಅದರ ಕೀರ್ತಿಯೆಲ್ಲ ರಾತ್ರಿಯಾದೊಡನೆ ಅಗಲುವುದರಲ್ಲಿದೆ. ಯುರೋಪಿನವರು ಕೂಡಿರುವ ಹಕ್ಕಿಯನ್ನು ಪ್ರೀತಿಯ ಗುರುತಾಗಿ ಹಿಡಿದರು, ನಾವು ಅಗಲಿದ ಹಕ್ಕಿಯನ್ನು. ಯಾವುದು ಹೆಚ್ಚು ಬಲ್ಲವರ ನೋಟ ಎಂಬುದನ್ನು ಕೇಳುಗರಿಗೇ ಬಿಡುತ್ತೇನೆ.

ಈ ಕುಲದಲ್ಲಿ ಒಂಬತ್ತು ಜಾತಿಗಳಿವೆ. ಯುರೋಪಿಗೆ ಮೊದಲು ಪರಿಚಯವಾದದ್ದು ಪಶ್ಚಿಮ ಆಫ್ರಿಕದ ಕೆಂಪು ಮೋರೆಯ ಜಾತಿ. ಲಿನೇಯಸ್ ೧೭೫೮ರಲ್ಲಿಯೇ ಅದನ್ನು ತನ್ನ ಪಟ್ಟಿಗೆ ಸೇರಿಸಿದ್ದ. ಆದರೆ ಅದು ಮರದ ಮೇಲಿನ ಗೆದ್ದಲುಗೂಡನ್ನು ಕೊರೆದು ಮೊಟ್ಟೆಯಿಡುವ ಹಕ್ಕಿ; ಪಂಜರದಲ್ಲಿ ಗೆದ್ದಲುಗೂಡು ಎಲ್ಲಿಂದ ಬರಬೇಕು? ಹೀಗಾಗಿ ಅದು ಮನೆಹಕ್ಕಿಯಾಗಲಿಲ್ಲ. ಮಧ್ಯ ಆಫ್ರಿಕದ ದಟ್ಟ ಕಾಡಿನ ಕಪ್ಪು ಕೊರಳಪಟ್ಟಿಯ ಜಾತಿಗೆ ಅಲ್ಲಿನ ಕಾಡು ಅತ್ತಿಯ ಹಣ್ಣೇ ಬೇಕು; ಅದಿಲ್ಲದೆ ಬದುಕದು. ಅದೂ ಉಳಿದುಕೊಂಡಿತು. ಸಿಕ್ಕಿಬಿದ್ದದ್ದು ನಮೀಬಿಯ ಮತ್ತು ಅಂಗೋಲದ ಒಣನೆಲದ ಗುಲಾಬಿ ಮುಖದ ಜಾತಿ. ಬಂಡೆಯ ಬಿರುಕಾದರೂ ಸರಿ, ನಮ್ಮ ಗೀಜಗದ ದೂರದ ಬಂಧುಗಳು ಕಟ್ಟಿದ ದೊಡ್ಡ ಹುಲ್ಲುಗೂಡಿನ ಒಂದು ಕೋಣೆಯಾದರೂ ಸರಿ, ಅಲ್ಲಿ ಹೊಕ್ಕು ಸಂಸಾರ ಹೂಡುವ ಹಕ್ಕಿ ಅದು. ಅಂಥದಕ್ಕೆ ಮರದ ಪೆಟ್ಟಿಗೆಯೇನು ದೊಡ್ಡದು! ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಗೆ ಬಂದು, ಅಲ್ಲಿಯೇ ಮರಿ ಮಾಡತೊಡಗಿತು. ಹೊಂದಿಕೊಳ್ಳುವ ಗುಣವೇ ಅದನ್ನು ಪಂಜರಕ್ಕೆ ತಂದಿತು.

ಈ ಚರಿತ್ರೆಯನ್ನು ನಾನು ಓದತೊಡಗಿದ್ದು ಶಾಸ್ತ್ರದ ಹಂಬಲದಿಂದಲ್ಲ. ಪದವಿ ತರಗತಿಗೆ ಸೇರಿದ ನನ್ನ ಮೊಮ್ಮಗಳು, ಹಾಸ್ಟೆಲಿಗೆ ಹೋಗುವ ಮುನ್ನ, “ತಾತ, ಮನೇಲಿ ನಿಮಗೆ ಮಾತಾಡೋಕೆ ಯಾರೂ ಇರಲ್ಲ, ಒಂದು ಹಕ್ಕಿ ತಂದುಕೊಡ್ತೀನಿ” ಎಂದಳು. ನಾನು ವಯಸ್ಸಾದವನು, ಇತಿಹಾಸ ಪಾಠ ಹೇಳಿ ಬದುಕಿದವನು. ಬರುವವರು ಯಾರು, ಎಲ್ಲಿಯವರು, ಹೇಗೆ ಬಂದರು ಎಂದು ಕೇಳದೆ ಮನೆಯೊಳಗೆ ಬಿಟ್ಟುಕೊಳ್ಳುವುದು ನನ್ನ ಅಭ್ಯಾಸವಲ್ಲ. ಒಂದು ವಾರದ ಅವಧಿ ಕೇಳಿದೆ. ಆ ವಾರ ಓದಿದ್ದರಲ್ಲಿ ೧೯೨೯ನೆಯ ಇಸವಿ ಪದೇ ಪದೇ ಎದುರಾಯಿತು.

ಇಂದಿನ ಜಾಂಬಿಯ ದೇಶದ ನೈಋತ್ಯ ಮೂಲೆಯಲ್ಲಿ, ಮೊಪಾನೆ ಮರಗಳ ಕಾಡಿನಲ್ಲಿ, ಕಪ್ಪು ಕೆನ್ನೆಯ ಲವ್‌ಬರ್ಡ್ ಎಂಬ ಜಾತಿಯಿದೆ. ಹೊರಗಿನವರು ಅದನ್ನು ಗುರುತಿಸಿದ್ದೇ ೧೯೦೪ರಲ್ಲಿ. ಅದು ವಾಸಿಸುವ ಪ್ರದೇಶ ಆಫ್ರಿಕದ ಗಿಳಿಗಳಲ್ಲೆಲ್ಲ ಅತ್ಯಂತ ಚಿಕ್ಕವುಗಳಲ್ಲಿ ಒಂದು. ಅಲ್ಲಿಗೆ ೧೯೨೯ರಲ್ಲಿ ಹಕ್ಕಿ ಹಿಡಿಯುವವರು ಹೋದರು. ನಾಲ್ಕು ವಾರಗಳಲ್ಲಿ ಹದಿನಾರು ಸಾವಿರ ಹಕ್ಕಿಗಳನ್ನು ಬಲೆಗೆ ಹಾಕಿದರು. ಗುರುತಿಸಿ ಕಾಲು ಶತಮಾನವಾದ ಜಾತಿ, ಹದಿನಾರು ಸಾವಿರ, ನಾಲ್ಕು ವಾರ. ಈಗ ಅಲ್ಲಿ ಉಳಿದಿರುವ ಪ್ರಾಯದ ಹಕ್ಕಿಗಳ ಸಂಖ್ಯೆಯನ್ನು ಎರಡೂವರೆ ಸಾವಿರದಿಂದ ಹತ್ತು ಸಾವಿರದೊಳಗೆ ಅಂದಾಜು ಮಾಡಿದ್ದಾರೆ. ಆ ಒಂದು ತಿಂಗಳ ಹೊಡೆತದಿಂದ ಆ ಜಾತಿ ಇಂದಿಗೂ ಚೇತರಿಸಿಕೊಂಡಂತಿಲ್ಲ. ಬಲೆ ನಿಂತ ಮೇಲೆ ಬೇರೆ ಕಷ್ಟಗಳು ಬಂದವು. ಮಳೆ ಕಡಮೆಯಾಗಿ ನೀರಿನ ಹೊಂಡಗಳು ಬತ್ತತೊಡಗಿದವು. ಪ್ರತಿದಿನ ನೀರು ಕುಡಿಯಲೇಬೇಕಾದ ಹಕ್ಕಿ ಅದು. ರೈತರು ಜೋಳ ಸಜ್ಜೆಗಳನ್ನು ಬಿಟ್ಟು ಮೆಕ್ಕೆಜೋಳಕ್ಕೆ ತಿರುಗಿದರು. ತೆನೆಯಿಂದ ಕಾಳು ಹೆಕ್ಕುತ್ತಿದ್ದ ಹಕ್ಕಿಗೆ ಅಲ್ಲಿಯೂ ಕೂಳು ತಪ್ಪಿತು. ದಾವಣಗೆರೆ, ಹಾವೇರಿಗಳ ಹೊಲಗಳನ್ನು ಬಲ್ಲವರಿಗೆ ಈ ಬೆಳೆಬದಲಾವಣೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದೇ ೧೯೨೯ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಗಿಳಿಜ್ವರದ ಭೀತಿ ಹುಟ್ಟಿತು. ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬಂದ ಗಿಳಿಗಳನ್ನು ಕ್ರಿಸ್‌ಮಸ್ ಉಡುಗೊರೆಯಾಗಿ ಕೊಂಡ ಮನೆಗಳಲ್ಲಿ ಜನ ನ್ಯುಮೋನಿಯದಂಥ ಕಾಯಿಲೆಯಿಂದ ಮಲಗಿದರು. ಕಾರಣವನ್ನು ಹುಡುಕಹೊರಟ ವಾಷಿಂಗ್ಟನ್ನಿನ ಪ್ರಯೋಗಶಾಲೆಯಲ್ಲಿ ಚಾರ್ಲ್ಸ್ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯನಿಗೇ ರೋಗ ತಗುಲಿತು. ಅವನು ಬದುಕಿದ, ಅವನ ಸಹಾಯಕ ತೀರಿಕೊಂಡ. ೧೯೩೦ರ ಜನವರಿ ೨೪ರಂದು ಅಧ್ಯಕ್ಷ ಹೂವರ್ ಗಿಳಿಗಳ ಆಮದನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ. ಬ್ರಿಟನ್ನೂ ಅದೇ ವರ್ಷ ಬಾಗಿಲು ಹಾಕಿತು.

ಬಾಗಿಲು ಹಾಕಿದರೆ ಆಸೆ ನಿಲ್ಲುತ್ತದೆಯೆ? ಹೊರಗಿನಿಂದ ಬಾರದ ಹಕ್ಕಿಯನ್ನು ಒಳಗೇ ಬೆಳೆಸತೊಡಗಿದರು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಕ್ಯಾಲಿಫೋರ್ನಿಯದ ಹಿತ್ತಿಲುಗಳಲ್ಲಿ ಹಕ್ಕಿ ಸಾಕಿ ಮಾರುವುದು ಹಲವರಿಗೆ ಜೀವನೋಪಾಯವಾಗಿತ್ತು. ನಾನು ಮೊದಲೇ ಹೇಳಿದ, ‘ಲವ್‌ಬರ್ಡ್’ ಎಂಬ ಹೆಸರಿನ ಬಜರಿಗಾರ್‌ಗಳು ಇವೇ. ಕಾರ್ಲ್ ಮೇಯರ್ ಎಂಬ ವಿಜ್ಞಾನಿ ಪರೀಕ್ಷಿಸಿ ನೋಡಿದಾಗ, ಹೊರದೇಶದ್ದೆಂದು ತಿಳಿದಿದ್ದ ರೋಗ ಈ ಹಿತ್ತಿಲ ಗೂಡುಗಳಲ್ಲಿಯೂ ಇತ್ತು. ಒತ್ತೊತ್ತಾಗಿ ತುಂಬಿದ ಗೂಡು, ಹಿಕ್ಕೆಯ ಧೂಳು, ಬಳಲಿದ ಮರಿಗಳು ಇರುವಲ್ಲಿ ಅದು ಹರಡುತ್ತಿತ್ತು. ಹೊರಗೆ ಆರೋಗ್ಯವಾಗಿ ಕಾಣುವ ಹಕ್ಕಿಯೂ ರೋಗವನ್ನು ಹೊತ್ತಿರಬಹುದೆಂದು ಆಗ ತಿಳಿಯಿತು. ಹಕ್ಕಿಯನ್ನು ನೋಡುವ ಮುಂಚೆ ಅದು ಹುಟ್ಟಿದ ಗೂಡನ್ನು ನೋಡಬೇಕೆಂಬ ಮಾತಿಗೆ ಅಂದಿನಿಂದ ಆಧಾರ ದೊರೆತಂತಾಯಿತು.

ಇನ್ನು ನಮ್ಮ ಕಡೆಯ ಚರಿತ್ರೆ. ಪಂಜರದ ಗಿಳಿ ಭಾರತಕ್ಕೆ ಹೊಸದಲ್ಲ. ಗಿಳಿಗೂ ಶಾರಿಕೆಗೂ ಮಾತು ಕಲಿಸುವುದನ್ನು ಕಾಮಸೂತ್ರ ಅರವತ್ತನಾಲ್ಕು ಕಲೆಗಳಲ್ಲಿ ಎಣಿಸಿದೆ. ಬಾಣನ ‘ಕಾದಂಬರಿ’ಯನ್ನು ನಾಗವರ್ಮ ಕನ್ನಡಕ್ಕೆ ತಂದ, ಅದರಲ್ಲಿ ರಾಜನ ಆಸ್ಥಾನಕ್ಕೆ ಬಂದು ತನ್ನ ಕಥೆ ಹೇಳುವುದೇ ಪಂಜರದ ಗಿಳಿ. ವಿಂಧ್ಯಾಟವಿಯ ಬೂರುಗದ ಮರವನ್ನೇರಿದ ಮುದಿ ಶಬರನೊಬ್ಬ ಪೊಟರೆಗಳಿಂದ ಗಿಳಿಗಳನ್ನು ತೆಗೆದು, ಕೊಂದು ಕೆಳಗೆಸೆಯುವುದನ್ನು, ತಂದೆಯ ರೆಕ್ಕೆಯಡಿ ಅಡಗಿದ್ದ ಮರಿ ವರ್ಣಿಸುತ್ತದೆ. ಬೇಟೆಯನ್ನು ಬೇಟೆಗಾರನ ಕಡೆಯಿಂದ ಹಾಡಿದ ಸಾಹಿತ್ಯ ನಮ್ಮಲ್ಲಿ ಹೇರಳವಾಗಿದೆ. ಹಕ್ಕಿಯ ಕಡೆಯಿಂದ ಕಂಡ ಬರಹ ವಿರಳ. ಮೀನಾಕ್ಷಿಯ ಕೈಯ ಗಿಳಿ, ಗಿಳಿಶಾಸ್ತ್ರದವನ ಪೆಟ್ಟಿಗೆಯ ಗಿಳಿ, ಅಜ್ಜಿಯರ ಜಗಲಿಯಲ್ಲಿ ‘ರಾಮ ರಾಮ’ ಎನ್ನುತ್ತಿದ್ದ ಗಿಳಿ, ಎಲ್ಲಕ್ಕೂ ಮೂಲ ಒಂದೇ: ಎಲ್ಲೋ ಒಂದು ಮರದ ಪೊಟರೆ, ಒಳಗೆ ಹೊಕ್ಕ ಒಂದು ಕೈ.

೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ೧೯೯೦–೯೧ರ ಹೊತ್ತಿಗೆ ಭಾರತದ ಕಾಡುಹಕ್ಕಿಗಳ ವ್ಯಾಪಾರವೇ ಪೂರ್ಣವಾಗಿ ನಿಷಿದ್ಧವಾಯಿತು. ಇಂದು ನಮ್ಮ ಹಸಿರು ಗಿಳಿಯನ್ನು ಮನೆಯಲ್ಲಿಡುವುದು ಅಪರಾಧ. ಗುಟ್ಟಾಗಿ ಮಾರುವವರು ಇನ್ನೂ ಇದ್ದಾರೆಂಬುದು ಬೇರೆ ಮಾತು. ಖಾಲಿಯಾದ ಪಂಜರಗಳಿಗೆ ಹೊರದೇಶದ ಮೂಲದ, ಆದರೆ ತಲೆಮಾರುಗಳಿಂದ ಪಂಜರದಲ್ಲಿಯೇ ಹುಟ್ಟಿದ ಹಕ್ಕಿಗಳು ಬಂದವು. ನಮ್ಮ ಕಾಡಿನ ಗಿಳಿಗೆ ರಕ್ಷಣೆ ದೊರೆತದ್ದರಿಂದ ಆಫ್ರಿಕದ ಗಿಳಿಗೆ ನಮ್ಮ ಜಗಲಿಯಲ್ಲಿ ಜಾಗವಾಯಿತು. ಆಫ್ರಿಕದಲ್ಲಿ ಏನಾಗುತ್ತಿತ್ತು ಎಂದು ಕೇಳಿದರೆ, ಅಲ್ಲಿಯೂ ನೆಮ್ಮದಿಯಿರಲಿಲ್ಲ. ಜರ್ಮನ್ ಪ್ರವಾಸಿ ಗುಸ್ತಾವ್ ಫಿಷರನ ಹೆಸರು ಹೊತ್ತ ತಾಂಜಾನಿಯದ ಕಿತ್ತಳೆ ಮೋರೆಯ ಜಾತಿ, ೧೯೮೦ರ ದಶಕದ ಕೊನೆಯಲ್ಲಿ, ಲೋಕದ ವ್ಯಾಪಾರದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಗುತ್ತಿದ್ದ ಕಾಡುಗಿಳಿಯಾಗಿತ್ತು. ಆ ರಫ್ತು ನಿಂತದ್ದು ೧೯೯೨ರ ಸುಮಾರಿಗೆ. ಅದೇ ವರ್ಷ ಅಮೆರಿಕ ಕಾಡುಹಕ್ಕಿಗಳ ಆಮದನ್ನು ಕಾನೂನಿನಿಂದ ಬಿಗಿಮಾಡಿತು. ಯುರೋಪಿನ ಒಕ್ಕೂಟ ಹಕ್ಕಿಜ್ವರದ ಭಯದಿಂದ ೨೦೦೫ರಲ್ಲಿ ತಾತ್ಕಾಲಿಕವಾಗಿ, ೨೦೦೭ರಲ್ಲಿ ಶಾಶ್ವತವಾಗಿ ನಿಲ್ಲಿಸಿತು.

ಇಷ್ಟು ತಿಳಿದ ಮೇಲೆ ನಾನೂ ಮೊಮ್ಮಗಳೂ ಒಂದು ಭಾನುವಾರ ಹಕ್ಕಿ ನೋಡಲು ಹೊರಟೆವು. ಅಂಗಡಿಗೆ ಬೇಡ, ಮರಿ ಮಾಡಿಸುವವರ ಮನೆಗೇ ಹೋಗೋಣವೆಂದು ನಾನು ಹಟ ಹಿಡಿದೆ. ಕ್ಯಾಲಿಫೋರ್ನಿಯದ ಹಿತ್ತಿಲು ನನ್ನ ತಲೆಯಲ್ಲಿತ್ತು. ಆತ ಹಗಲು ಒಂದು ಕಚೇರಿಯಲ್ಲಿ ಗುಮಾಸ್ತ, ಬೆಳಿಗ್ಗೆ ಸಂಜೆ ತಾರಸಿಯ ಮೇಲೆ ಹಕ್ಕಿಗಳ ಸೇವಕ. ಗೂಡುಗಳಲ್ಲಿ ಒತ್ತಡವಿರಲಿಲ್ಲ; ನೀರು ತಿಳಿಯಾಗಿತ್ತು; ತಟ್ಟೆಯಲ್ಲಿ ನವಣೆ. ಆಫ್ರಿಕದ ಹಕ್ಕಿ ನಮ್ಮ ಬಯಲುಸೀಮೆಯ ನವಣೆಯನ್ನು ತಿನ್ನುತ್ತಿರುವುದನ್ನು ಕಂಡು ನನಗೆ ಒಳಗೊಳಗೇ ಸಂತೋಷವಾಯಿತು. ಆದರೆ ನಾನು ನಿರೀಕ್ಷಿಸಿದ ಹಸಿರು ಮಾತ್ರ ಕಾಣಲಿಲ್ಲ. ನೀಲಿ, ಹಳದಿ, ಬಿಳಿ, ಬೂದು, ನೇರಳೆಯ ಛಾಯೆಗಳೇ ಎಲ್ಲೆಲ್ಲೂ. ಈ ಬಣ್ಣಗಳಿಗೂ ಚರಿತ್ರೆಯಿದೆ. ಕಪ್ಪು ಮುಖವಾಡದ ಜಾತಿಯಲ್ಲಿ, ೧೯೨೭ರಲ್ಲಿ, ಕಾಡಿನಲ್ಲಿಯೇ ಹಿಡಿದ ಒಂದು ನೀಲಿ ಹಕ್ಕಿ ಲಂಡನ್ನಿನ ಮೃಗಾಲಯಕ್ಕೆ ಬಂದಿತು. ಕಾಡಿನಲ್ಲಿ ಅಂಥ ಬಣ್ಣ ಅಪರೂಪದ ಆಕಸ್ಮಿಕ. ಸಾಕುವವರ ಕೈಯಲ್ಲಿ ಅದೇ ವಂಶವಾಯಿತು.

“ಹಸಿರು ಇಲ್ಲವೆ?” ಎಂದೆ.

“ಇದೆ ಸಾರ್, ಮೂಲೆ ಗೂಡಲ್ಲಿ. ಹಸಿರು ಯಾರೂ ಕೇಳಲ್ಲ. ಅದಕ್ಕೇ ರೇಟೂ ಕಡಿಮೆ” ಎಂದು ಆತ ನಕ್ಕ.

ಕಾಡು ಕೊಟ್ಟ ಬಣ್ಣಕ್ಕೇ ಅಗ್ಗದ ಬೆಲೆ. ಅದನ್ನು ಕೇಳಿ ನಾನು ಮೂಲೆಯ ಗೂಡಿನ ಕಡೆಗೇ ನಡೆದೆ. ಮೊಮ್ಮಗಳು ನೀಲಿಯ ಮುಂದೆ ನಿಂತವಳು ಕದಲಲಿಲ್ಲ. ಅವಳಿಗೆ ಮೆಚ್ಚಿಕೆಯಾದ ಇನ್ನೊಂದು ಹಕ್ಕಿಯೂ ಇತ್ತು: ಕಣ್ಣ ಸುತ್ತ ತೆಳುವಾದ ಬಿಳಿಯ ಉಂಗುರ, ಮೋರೆ ಗುಲಾಬಿ. ಆತ ಪ್ರಾಮಾಣಿಕ. “ಅದು ಮಿಕ್ಸ್, ಮೇಡಂ. ಎರಡು ಜಾತಿ ಕೂಡಿದ್ದು. ಅದಕ್ಕೆ ಮರಿ ಆಗಲ್ಲ. ನಾನು ಬೇಕಂತ ಮಾಡಿಸಿದ್ದಲ್ಲ” ಎಂದ.

ಆ ಹಕ್ಕಿಯನ್ನು ನೋಡಿ ನನಗೆ ವಿಲಿಯಂ ಡಿಲ್ಗರನ ಪ್ರಯೋಗ ನೆನಪಾಯಿತು. ೧೯೬೨ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಈ ವಿದ್ವಾಂಸ ಅದನ್ನು ವಿವರಿಸಿದ್ದಾನೆ. ಗುಲಾಬಿ ಮುಖದ ಹೆಣ್ಣು ಗೂಡು ಕಟ್ಟುವಾಗ ತೊಗಟೆಯನ್ನೋ ಎಲೆಯನ್ನೋ ಉದ್ದುದ್ದ ಪಟ್ಟಿಯಾಗಿ ಕತ್ತರಿಸಿ, ಬೆನ್ನ ಕೆಳಭಾಗದ ಗರಿಗಳಲ್ಲಿ ಸಿಕ್ಕಿಸಿಕೊಂಡು ಹಾರುತ್ತದೆ. ನಮ್ಮ ಹೆಂಗಸರು ಸೆರಗಿನಲ್ಲಿ ಏನನ್ನಾದರೂ ಕಟ್ಟಿ ಒಯ್ಯುವಂತೆ. ಫಿಷರನ ಜಾತಿಯ ಹಕ್ಕಿಯಾದರೋ ಒಂದೊಂದೇ ಪಟ್ಟಿಯನ್ನು ಕೊಕ್ಕಿನಲ್ಲಿ ಕಚ್ಚಿ ಒಯ್ಯುತ್ತದೆ. ಎರಡನ್ನೂ ಕೂಡಿಸಿ ಹುಟ್ಟಿಸಿದ ಮರಿಗಳಿಗೆ ಡಿಲ್ಗರ್ ಕಾಗದ ಕೊಟ್ಟ. ಅವು ಚೆನ್ನಾಗಿ ಕತ್ತರಿಸಿದವು. ಗರಿಗೆ ಸಿಕ್ಕಿಸಹೋದವು, ಆದರೆ ಕೊಕ್ಕಿನ ಹಿಡಿತ ಬಿಡಲಿಲ್ಲ, ಇಲ್ಲವೆ ಸಿಕ್ಕಿಸಿದ್ದು ಜಾರಿತು, ಇಲ್ಲವೆ ತಪ್ಪು ಕಡೆ ಸಿಕ್ಕಿಸಿದವು. ಕೊಕ್ಕಿನಲ್ಲಿ ಒಯ್ದಾಗ ಮಾತ್ರ ಕೆಲಸವಾಗುತ್ತಿತ್ತು. ಅದನ್ನು ರೂಢಿಸಿಕೊಳ್ಳಲು ಅವಕ್ಕೆ ಸುಮಾರು ಮೂರು ವರ್ಷ ಹಿಡಿಯಿತು. ಆ ಮೇಲೆಯೂ, ಒಯ್ಯುವ ಮುನ್ನ, ತಲೆಯನ್ನು ಬೆನ್ನ ಕಡೆಗೆ ತಿರುಗಿಸುವ ಆ ವ್ಯರ್ಥ ಚಲನೆ ಉಳಿದೇ ಇತ್ತು. ವಿಜ್ಞಾನಕ್ಕೆ ಅದೊಂದು ದೊಡ್ಡ ಪಾಠ. ನಡತೆಯಲ್ಲಿ ಎಷ್ಟು ಹುಟ್ಟಿನಿಂದ ಬಂದದ್ದು, ಎಷ್ಟು ಕಲಿತದ್ದು ಎಂಬ ಚರ್ಚೆಯಲ್ಲಿ ಇಂದಿಗೂ ಎತ್ತಿ ಹೇಳುವ ಉದಾಹರಣೆ. ನನಗೆ ಮಾತ್ರ, ತಾಯಿಯ ವಿದ್ಯೆಯೂ ತಂದೆಯ ವಿದ್ಯೆಯೂ ಪೂರ್ತಿಯಾಗಿ ಕೈಗೆ ಬಾರದೆ, ಮೂರು ವರ್ಷ ಒಂದು ಕಾಗದದ ಚೂರಿನೊಡನೆ ಹೆಣಗಿದ ಆ ಹಕ್ಕಿಯ ಚಿತ್ರವೇ ಮನಸ್ಸಿನಲ್ಲಿ ನಿಂತಿದೆ. ಮೊಮ್ಮಗಳಿಗೆ ಈ ಕಥೆ ಹೇಳಿದೆ. ಅವಳು ಆ ಗೂಡಿನಿಂದ ಸ್ವಲ್ಪ ಹೊತ್ತು ಕಣ್ಣು ತೆಗೆಯಲಿಲ್ಲ. ಬೇಕೆಂದು ಮತ್ತೆ ಕೇಳಲೂ ಇಲ್ಲ.

ಹಸಿರು ಮರಿಗಳು ಮೂರಿದ್ದವು. ಗುಲಾಬಿ ಮುಖದ ಜಾತಿಯಲ್ಲಿ ಗಂಡುಹೆಣ್ಣನ್ನು ಕಣ್ಣಿನಿಂದ ಹೇಳುವಂತಿಲ್ಲ. ಗರಿಯ ಬುಡದಿಂದ ಪರೀಕ್ಷೆ ಮಾಡಿಸಬೇಕು. ವಯಸ್ಸನ್ನು ಹೇಳಬಹುದು. ಎಳೆಯ ಮರಿಯ ಕೊಕ್ಕಿನ ಬುಡದಲ್ಲಿ ಮಸಿ ಬಳಿದಂತೆ ಕಪ್ಪು ಇರುತ್ತದೆ, ತಿಂಗಳುಗಳು ಕಳೆದಂತೆ ಮಾಸುತ್ತದೆ. ಮೊಟ್ಟೆಯೊಡೆದು ಆರು ವಾರಕ್ಕೆ ಗೂಡಿನಿಂದ ಹೊರಬಿದ್ದರೂ ತಾನೇ ಕಾಳು ಬಿಡಿಸಿ ತಿನ್ನಲು ಇನ್ನೂ ಎರಡು ವಾರ ಬೇಕು. “ಕೈಯಲ್ಲಿ ಗುಟುಕು ಕೊಟ್ಟು ಸಾಕಿದರೆ ಬೇಗ ಒಗ್ಗುತ್ತೆ ಅಂತ ಚಿಕ್ಕದೇ ಬೇಕು ಅಂತಾರೆ ಸಾರ್. ನಾನು ಕೊಡಲ್ಲ. ಸತ್ತುಹೋಗುತ್ತೆ” ಎಂದ ಆತ. ಆ ಮಾತಿಗೆ ನಾನು ಅವನನ್ನು ಗೌರವಿಸಿದೆ. ಗರಿ ಉಬ್ಬಿಸಿ ಮಂಕಾಗಿ ಕುಳಿತಿದೆಯೆ, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಜಗ್ಗುತ್ತದೆಯೆ, ಬಾಲದ ಬುಡ ಕೊಳಕಾಗಿದೆಯೆ ಎಂದು ನೋಡಿದೆವು. ಮೂರೂ ಚುರುಕಾಗಿದ್ದವು. ಕಾಲಿನಲ್ಲಿ ಅಂಕಿ ಕೆತ್ತಿದ, ಕೂಡುಗೆರೆಯಿಲ್ಲದ ಲೋಹದ ಉಂಗುರ. ಈ ಉಂಗುರ ಬೆಳೆದ ಹಕ್ಕಿಯ ಪಾದದಲ್ಲಿ ತೂರುವುದಿಲ್ಲ. ಕೆಲವು ದಿನಗಳ ಮರಿಗೆ ಮಾತ್ರ ತೊಡಿಸಲು ಸಾಧ್ಯ. ಹಾಗಾಗಿ ಅದು ಪಂಜರದಲ್ಲಿ ಹುಟ್ಟಿದ್ದಕ್ಕೆ ಸಾಕ್ಷಿ. ಹದಿನಾರು ಸಾವಿರದ ಆ ಬಲೆಗೂ ಈ ಗೂಡಿಗೂ ನಡುವೆ ಇರುವುದು ಈ ಸಣ್ಣ ಉಂಗುರವೊಂದೇ ಎಂದು ನನಗನ್ನಿಸಿತು.

ಕಾಗದಪತ್ರದ ಮಾತೂ ಇದೆ. ಅಂತರರಾಷ್ಟ್ರೀಯ ಒಪ್ಪಂದವೊಂದರ ಪಟ್ಟಿಯಲ್ಲಿ ಬಹುಪಾಲು ಗಿಳಿಗಳಿವೆ. ಗುಲಾಬಿ ಮುಖದ ಜಾತಿಯನ್ನು, ಅದು ಪಂಜರದಲ್ಲಿಯೇ ಹೇರಳವಾಗಿ ಹುಟ್ಟುವುದರಿಂದ, ೨೦೦೫ರಲ್ಲಿ ಪಟ್ಟಿಯಿಂದ ತೆಗೆದರು. ಫಿಷರನದೂ ಮುಖವಾಡದ್ದೂ ಅಲ್ಲಿಯೇ ಉಳಿದಿವೆ. ನಮ್ಮ ವನ್ಯಜೀವಿ ಕಾಯಿದೆಗೆ ೨೦೨೨ರಲ್ಲಿ ಆದ ತಿದ್ದುಪಡಿ, ೨೦೨೪ರಲ್ಲಿ ಬಂದ ನಿಯಮಗಳು ಇವುಗಳ ಪ್ರಕಾರ ಆ ಪಟ್ಟಿಯ ಹಕ್ಕಿಗಳನ್ನು ಇಟ್ಟುಕೊಂಡವರು ಸರಕಾರದಲ್ಲಿ ನೋಂದಾಯಿಸಬೇಕು. ಮುಖವಾಡದ ನೀಲಿ ಹಕ್ಕಿಯನ್ನು ಕೊಂಡಿದ್ದರೆ ನಾವೂ ನೋಂದಾಯಿಸಬೇಕಿತ್ತು.

ಒಂದೋ ಎರಡೋ ಎಂಬ ಪ್ರಶ್ನೆ ಉಳಿಯಿತು. ಹೆಸರೇ ಜೋಡಿಯನ್ನು ಬಯಸುತ್ತದೆ. ಒಂದು ಸತ್ತರೆ ಇನ್ನೊಂದು ಕೊರಗಿ ಸಾಯುತ್ತದೆ ಎಂಬುದು ಕವಿಸಮಯ. ಸಂಗಾತಿ ಹೋದ ಹಕ್ಕಿ ಇನ್ನೊಂದನ್ನು ಕೂಡಿ ಬಾಳುವುದುಂಟು. ಆದರೆ ಕಾಡಿನಲ್ಲಿ ಹಿಂಡಾಗಿ ಬದುಕುವ ಜೀವಿಯನ್ನು ಒಂಟಿಯಾಗಿ ಇಡುವುದಾದರೆ ಆ ಹಿಂಡಿನ ಜಾಗವನ್ನು ಮನುಷ್ಯ ತುಂಬಬೇಕು, ದಿನಕ್ಕೆ ಹಲವು ಗಂಟೆ. ಮೊಮ್ಮಗಳು ಹೊರಟುಹೋಗುವವಳು. ನಾನು ಮಧ್ಯಾಹ್ನ ಮಲಗುವವನು. ಎರಡನ್ನೇ ಆರಿಸಿದೆವು.

ಆಗ ಆತ, ನನ್ನ ನರೆತ ತಲೆಯನ್ನು ನೋಡುತ್ತ, ತುಸು ಸಂಕೋಚದಿಂದ, “ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಇರುತ್ತೆ ಸಾರ್” ಎಂದ. ಅದಕ್ಕೆ ಏನು ಉತ್ತರ ಕೊಡಲಿ! ನನ್ನ ಮೊಮ್ಮಗಳು ಕೇಳಿಸಿಕೊಂಡಳು, ಮಾತಾಡಲಿಲ್ಲ.

ಮನೆಗೆ ತಂದ ಮೇಲೆ ಪಕ್ಕದ ಮನೆಯ ಹಿರಿಯಾಕೆ ನೋಡಲು ಬಂದರು. “ಪಾಪ, ಬಿಟ್ಟುಬಿಡಿ ಮೇಷ್ಟ್ರೇ, ಪುಣ್ಯ ಬರುತ್ತೆ” ಎಂದರು. ಅವರ ಮಾತಿನ ಹಿಂದಿನ ಕರುಣೆ ದೊಡ್ಡದು. ಬಲೆಯಲ್ಲಿ ಹಿಡಿದ ಹಕ್ಕಿಯ ವಿಷಯದಲ್ಲಿ ಅದು ಸರಿಯಾದ ಮಾತೂ ಹೌದು. ಆದರೆ ಈ ಎರಡನ್ನು ಎಲ್ಲಿಗೆ ಬಿಡುವುದು? ಇವುಗಳ ಪೂರ್ವಿಕರ ಊರು ನಮೀಬಿಯದಲ್ಲಿದೆ. ನಮ್ಮ ಬೀದಿಯಲ್ಲಿ ಬಿಟ್ಟರೆ ಕಾಗೆಗೋ ಬೆಕ್ಕಿಗೋ ಒಂದು ಹೊತ್ತಿನ ಊಟ. ಒಂದು ವೇಳೆ ಬದುಕಿದವು ಎನ್ನೋಣ: ಅಮೆರಿಕದ ಅರಿಜೋನ ರಾಜ್ಯದ ಫೀನಿಕ್ಸ್ ನಗರದಲ್ಲಿ ಪಂಜರದಿಂದ ಹಾರಿಹೋದ ಇದೇ ಗುಲಾಬಿ ಮುಖದ ಹಕ್ಕಿಗಳು ೧೯೮೦ರ ದಶಕದಿಂದ ನೆಲೆಯೂರಿ ಸಾವಿರಗಳ ಸಂಖ್ಯೆಗೆ ಬೆಳೆದಿವೆ, ಕಡುಬೇಸಗೆಯಲ್ಲಿ ದೊಡ್ಡ ಕಟ್ಟಡಗಳ ಹವಾನಿಯಂತ್ರಣದ ಗಾಳಿಕಂಡಿಗಳಿಗೆ ಬಂದು ತಂಪು ತೆಗೆದುಕೊಳ್ಳುತ್ತವಂತೆ. ನಮ್ಮಲ್ಲಿ ಹಾಗಾದರೆ ಪೊಟರೆಗಾಗಿ ಕಾಯುತ್ತಿರುವ ನಮ್ಮದೇ ಗಿಳಿ, ಮೈನಾಗಳ ಗತಿಯೇನು? ಇದನ್ನೆಲ್ಲ ಆಕೆಗೆ ಹೇಳಿದೆ. “ಹಾಗಾದ್ರೆ ನೀವೇ ನೋಡ್ಕೊಳ್ಳಿ” ಎಂದು ಒಂದು ಹಿಡಿ ನವಣೆ ತಂದುಕೊಟ್ಟು ಹೋದರು.

ಎರಡು ಹಕ್ಕಿಗಳ ಉಂಗುರದ ಅಂಕಿ, ಹುಟ್ಟಿದ ತಿಂಗಳು, ಕೊಂಡ ದಿನ ಇವನ್ನು ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಅದರ ಕೆಳಗೆ ‘ನನ್ನ ಅನಂತರ’ ಎಂದು ಬರೆದು ಜಾಗ ಬಿಟ್ಟಿದ್ದೆ. ಹಾಸ್ಟೆಲಿಗೆ ಹೊರಡುವ ದಿನ ಮೊಮ್ಮಗಳು ಆ ಪುಟವನ್ನು ತೆರೆದು, ನನ್ನನ್ನು ಕೇಳದೆಯೇ, ಅಲ್ಲಿ ತನ್ನ ಹೆಸರನ್ನು ಬರೆದು ಹೋಗಿದ್ದಾಳೆ.